ಕರಿಹಲಗೆಯ ಮೇಲಿನ ಅರ್ಧ ಅಭಿಪ್ರಾಯ

ಲೈಬ್ರರಿ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗೀಗ ಹೊಸಪೇಟೆಯ ನಮ್ಮ ಮನೆಗೆ ಬರುತ್ತಾರೆ. ಎಲ್ಲರೂ ಮೊದಲು ಹೇಳುವುದು ಒಂದೇ ಮಾತು: "ಮೇಡಂ, ನಮಗೆ ಓದೋದಂದ್ರೆ ಪ್ರಾಣ, ಅದಕ್ಕೇ ಈ ಕೆಲಸ." ನಾನು ನಗುವುದಿಲ್ಲ, ಚಹಾ ಕೊಡುತ್ತೇನೆ. ಸಿಹಿ ಇಷ್ಟವೆಂದು ಮಿಠಾಯಿ ಅಂಗಡಿಗೆ ಕೆಲಸಕ್ಕೆ ಸೇರಿದವನಿಗೆ ನೊಣ ಓಡಿಸುವ ಕೆಲಸ ಸಿಕ್ಕ ಹಾಗೆ ನಮ್ಮ ಉದ್ಯೋಗ. ನೊಣದ ಬದಲು ಇಲ್ಲಿ ಗೆದ್ದಲು, ಇಲಿ, ಮತ್ತು ಪೇಪರಿನ ಪದಬಂಧವನ್ನು ಬ್ಲೇಡಿನಿಂದ ಕತ್ತರಿಸಿಕೊಂಡು ಹೋಗುವ ನಿವೃತ್ತ ಮೇಷ್ಟ್ರುಗಳು. ಓದುವವರು ನಾವಲ್ಲ, ಮಂದಿ. ಅವರು ನಿಜವಾಗಿ ಓದಿದರೆಂದು ನಂಬುವುದು ಹೇಗೆ ಎನ್ನುವುದೇ ನಮ್ಮ ಕಸುಬು.

ನನಗೆ ಬಡ್ತಿ ಯಾವಾಗ ಬಂತು, ಯಾವಾಗ ಬರಬೇಕಿತ್ತು, ಯಾರು ಅಡ್ಡಗಾಲು ಹಾಕಿದರು ಎಂಬ ಪುರಾಣ ಇಲ್ಲಿ ಬರೆಯುವುದಿಲ್ಲ. ಅದನ್ನು ಕೇಳುತ್ತಿದ್ದವರು ನಮ್ಮ ಯಜಮಾನರೊಬ್ಬರೇ, ಅವರಿಗೂ ಈಗ ಕಿವಿ ಮಂದ.

ನನ್ನ ಮೊದಲ ಜಾಗ ಸಂಡೂರಿನ ಹತ್ತಿರ ಯಶವಂತನಗರದಲ್ಲಿದ್ದ ಒಂದು ವಾಚನಾಲಯ. ಗಣಿ ಕೆಲಸದವರು, ಲಾರಿಯವರು ಬರುವ ಜಾಗ. ಅಲ್ಲಿ ಪುಸ್ತಕ ಹೋಗುವಾಗ ಬೆಳ್ಳಗಿರುತ್ತಿತ್ತು, ಬರುವಾಗ ಕೆಂಪಗೆ. ಅದಿರಿನ ಧೂಳು ಹಾಳೆಹಾಳೆಗೂ ಕೂತು ಪ್ರೇಮ ಕಾದಂಬರಿಯೂ ಪಂಚಾಂಗವೂ ಒಂದೇ ಬಣ್ಣಕ್ಕೆ ತಿರುಗುತ್ತಿದ್ದವು. ಒಮ್ಮೆ ಒಂದು ಪತ್ತೇದಾರಿ ಕಾದಂಬರಿ ವಾಪಸು ಬಂದಾಗ ತೆರೆದು ನೋಡಿದೆ, ಕಡೆಯ ಹಾಳೆಗಳೇ ಇಲ್ಲ. ಯಾರೋ ಹರಿದು ಮಿರ್ಚಿ ಕಟ್ಟಿಕೊಂಡಿದ್ದರು ಅನ್ನಿ. ಹರಿದು ಎಷ್ಟು ಕಾಲವಾಗಿತ್ತೋ, ಆಮೇಲೆ ಒಯ್ದವರು ಯಾರೂ ಒಂದು ಮಾತು ಆಡಿರಲಿಲ್ಲ. ತಂದುಕೊಟ್ಟ ಡ್ರೈವರನನ್ನು ಕೇಳಿದೆ.

"ಕೊಲೆ ಮಾಡಿದವ ಯಾರು ಅಂತ ಗೊತ್ತಾಗದ ಹೆಂಗ ಓದಿದ್ರಿ?"

"ಗೊತ್ತಾಗಲಿಲ್ಲ ಅಂತ ಯಾರಂದ್ರು ಅಕ್ಕೋರ?" ಎಂದ. "ಕಂಪನಿ ಬಸ್ಸಿನಾಗ ಎಲ್ಲಾರೂ ಕೂಡಿ ಮಾತಾಡಿದ್ವಿ. ಆ ಕಂಪೌಂಡರ್ ಮ್ಯಾಲೆ ನಮಗ ಮೊದಲಿಂದ ಡೌಟು. ಕೈ ಎತ್ತಿಸಿ ಅವನನ್ನ ಕೊಲೆಗಾರ ಅಂತ ಫೈನಲ್ ಮಾಡಿದ್ವಿ."

ನಮ್ಮ ಕಡೆ ಶಾಲೆಯ ಹೆಣ್ಣು ಮೇಷ್ಟ್ರಿಗೆ ಅಕ್ಕೋರು ಅನ್ನುತ್ತಾರೆ. ಪುಸ್ತಕದ ಹತ್ತಿರ ಕುಳಿತ ತಪ್ಪಿಗೆ ನನಗೂ ಅದೇ ಹೆಸರು ಬಂತು. ಆ ದಿನವೇ ಒಂದು ನಿಯಮ ಮಾಡಿದೆ. ಪುಸ್ತಕ ವಾಪಸು ಕೊಡುವವರು ಅದು ಹೇಗಿತ್ತು ಅಂತ ನನ್ನ ಮೇಜಿನ ಮುಂದೆ ನಿಂತು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಇನ್ನೊಂದು ಪುಸ್ತಕ ಇಲ್ಲ. ಇಲಾಖೆಯ ಯಾವ ಪುಸ್ತಕದಲ್ಲೂ ಇಲ್ಲದ ಈ ನಿಯಮವನ್ನು ನಿವೃತ್ತಿಯವರೆಗೂ ನಡೆಸಿದೆ. ತರಬೇತಿಯಲ್ಲಿ ಕಲಿಸಿದ ವರ್ಗೀಕರಣಕ್ಕಿಂತ ಇದು ನನಗೆ ಹೆಚ್ಚು ಕೆಲಸಕ್ಕೆ ಬಂತು.

ಆಮೇಲೆ ನನ್ನನ್ನು ಕಂಪ್ಲಿಗೆ ಹಾಕಿದರು. ಮನೆ ಹೊಸಪೇಟೆಯಲ್ಲೇ, ಬೆಳಗ್ಗೆ ಕಮಲಾಪುರದ ಮೇಲೆ ಹಾದು ಹೋಗುವ ಬಸ್ಸು. ಕಿಟಕಿಯ ಆಚೆ ದಾರಿಯುದ್ದಕ್ಕೂ ಬಾಳೆ, ಕಬ್ಬು, ಭತ್ತ. ಕಾಲುವೆ ನೀರು ಬಂದು ಭತ್ತ ಬಂತು, ಭತ್ತ ಬಂದು ಅಕ್ಕಿ ಗಿರಣಿ ಬಂದವು, ಗಿರಣಿ ಬಂದ ಮೇಲೆ ಗಿರಣಿ ಮಾಲೀಕರಿಗೆ ಸಾಹಿತ್ಯಾಭಿರುಚಿ ಬಂತು. ಹಾಗೆ ಅಭಿರುಚಿ ಬಂದವರಲ್ಲಿ ಶರಣಪ್ಪನವರು ಮೊದಲಿಗರು. ಊರಿಗೆಲ್ಲ ಅವರು ಸಾವ್ಕಾರ್ರು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಧೋತರ, ಮಾತಿಗೆ ನಿಂತರೆ ಭಾಷಣ. ತಮ್ಮ ತಂದೆಯ ಹೆಸರಿನಲ್ಲಿ ಗಿರಣಿಗೆ ಹೊಂದಿಕೊಂಡಿದ್ದ ಮಾಳಿಗೆಯನ್ನು ಲೈಬ್ರರಿಗೆ ಬಾಡಿಗೆ ಇಲ್ಲದೆ ಬಿಟ್ಟುಕೊಟ್ಟಿದ್ದರು. ಇಲಾಖೆಯವರಿಗೆ ಎಷ್ಟು ಖುಷಿಯಾಯಿತೆಂದರೆ, ಇನ್ನೊಂದು ಜಾಗ ನೋಡುವುದನ್ನೇ ಮರೆತುಬಿಟ್ಟರು. ಸಾವ್ಕಾರ್ರು ಬೀಗ ಹಾಕಿದ ದಿನ ಕಂಪ್ಲಿಗೆ ಲೈಬ್ರರಿ ಇಲ್ಲ, ವ್ಯವಹಾರ ಇಷ್ಟೇ.

ಗಿರಣಿ ಶುರುವಾದರೆ ನಮ್ಮ ಕಪಾಟುಗಳ ಗಾಜುಗಳು ಗಡಗಡ ಅನ್ನುತ್ತಿದ್ದವು. ಯಶವಂತನಗರದಲ್ಲಿ ಕೆಂಪು ಧೂಳು ಕೊಡವುತ್ತಿದ್ದವಳು ಇಲ್ಲಿ ತೌಡು ಕೊಡವತೊಡಗಿದೆ. ಕಪಾಟುಗಳಿಗೆಲ್ಲ ಬೀಗ ಇದ್ದವು, ನನಗಿಂತ ಮೊದಲಿದ್ದವರು ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡಿರುತ್ತಿದ್ದರಂತೆ. ಪುಸ್ತಕ ಬೇಕೆಂದವರು ಅವರ ಸ್ನಾನ ಸಂಧ್ಯಾವಂದನೆ ಮುಗಿಯುವವರೆಗೆ ಕಾಯಬೇಕಿತ್ತು. ನಾನು ಬೀಗಗಳನ್ನು ತೆಗೆದು ಗುಜರಿಗೆ ಹಾಕಿದೆ. ಶಾಲೆಯವರು ಹೊರಗೆ ಎಸೆದಿದ್ದ ಒಂದು ಕರಿಹಲಗೆ ತಂದು ಮೆಟ್ಟಿಲ ಕೆಳಗೆ, ರಸ್ತೆಗೆ ಕಾಣುವಂತೆ ತೂಗುಹಾಕಿದೆ. ಓದುಗರು ಹೇಳಿದ ಮಾತಿನಲ್ಲಿ ರುಚಿಯಾದದ್ದನ್ನು ಸುಣ್ಣದ ಕಡ್ಡಿಯಲ್ಲಿ ಅದರ ಮೇಲೆ ಬರೆಯುತ್ತಿದ್ದೆ. ಯಾರು ಹೇಳಿದ್ದೆಂದು ಬರೆಯುತ್ತಿರಲಿಲ್ಲ. ಹೆಸರು ಹಾಕಿದರೆ ಮಂದಿ ಸುಳ್ಳು ಹೇಳುತ್ತಾರೆ, ಎಲ್ಲ ಪುಸ್ತಕವೂ ಮಹತ್ಕೃತಿಯಾಗಿಬಿಡುತ್ತದೆ.

ಆ ಹಲಗೆಯ ರುಚಿ ಊರಿಗೆ ಹತ್ತಿತು. ಗಿರಣಿಗೆ ಭತ್ತ ತಂದವರು ಎತ್ತು ಬಿಚ್ಚಿ ಮೊದಲು ಅದನ್ನು ಓದುತ್ತಿದ್ದರು. ಒಬ್ಬ ನಿವೃತ್ತ ಅಧಿಕಾರಿಯ ಆತ್ಮಕಥೆ ಓದಿದ ಬಾಳೆತೋಟದವರೊಬ್ಬರು ಹೇಳಿದ್ದರು: "ಇಡೀ ಆಫೀಸಿನಾಗ ಇವರೊಬ್ಬರ ಪ್ರಾಮಾಣಿಕರಂತ. ಹಂಗಾದ್ರ ಉಳಿದವ್ರು ಪುಸ್ತಕ ಯಾಕ ಬರದಿಲ್ಲ? ಅದನ್ನ ನಾನು ರೊಕ್ಕ ಕೊಟ್ಟು ತಗೊಂತೀನಿ." ವಿದೇಶ ಪ್ರವಾಸದ ಪುಸ್ತಕವೊಂದರ ಬಗ್ಗೆ ಬಂದ ಅಭಿಪ್ರಾಯ: "ಹೋದಲ್ಲೆಲ್ಲಾ ಅನ್ನ ಸಿಗಲಿಲ್ಲ ಅಂತ ಅತ್ತಾರ. ಹೋಗುವಾಗ ನಮ್ಮ ಗಿರಣಿಗೆ ಬಂದಿದ್ರ ಒಂದು ಚೀಲ ಕಟ್ಟಿ ಕೊಡ್ತಿದ್ವಿ, ಪುಸ್ತಕ ಬರಿಯೂ ತ್ರಾಸು ತಪ್ಪತಿತ್ತು." ಇವು ನನಗೂ ಒಪ್ಪಿಗೆಯಾದ ಮಾತುಗಳೇ. ಈಗಲೂ ಯಾರಾದರೂ ದಪ್ಪನೆಯ ಆತ್ಮಕಥೆ ತಂದುಕೊಟ್ಟರೆ ನಾನು ಮೊದಲು ನೋಡುವುದು, ಬರೆದವರು ಎಲ್ಲಾದರೂ ಒಂದು ಕಡೆ ಸೋತಿದ್ದಾರೆಯೇ ಅಂತ. ಸೋತಿರದಿದ್ದರೆ ಹಾಗೇ ಮುಚ್ಚಿ ವಾಪಸು ಕೊಡುತ್ತೇನೆ.

ಎಡವಟ್ಟುಗಳೂ ಆದವು. ಹೆಸರಿನಲ್ಲಿ ಮಣ್ಣು ಎಂದಿದ್ದ ಒಂದು ಪುಸ್ತಕವನ್ನು ಒಳಗೆ ನೋಡದೆ ಕೃಷಿ ಕಪಾಟಿನಲ್ಲಿಟ್ಟಿದ್ದೆ. ಅದು ಕವನ ಸಂಕಲನ. ಕಬ್ಬು ಬೆಳೆಯುವ ದೇವೇಂದ್ರಪ್ಪ ಅದನ್ನು ಒಯ್ದು, ಪೂರ್ತಿ ಓದಿ, ಬಹಳ ಗಂಭೀರವಾಗಿ ಬಂದು ನಿಂತರು. "ಅಕ್ಕೋರ, ಮಣ್ಣಿನ ಬಗ್ಗೆ ಭಾಳ ಹೇಳ್ಯಾನ. ತಾಯಿ ಅಂತಾನ, ದೇವರು ಅಂತಾನ, ಕಣ್ಣೀರು ಹಾಕ್ತಾನ. ಯಾವ ಗೊಬ್ಬರ ಹಾಕಬೇಕು ಅಂತ ಒಂದಕ್ಷರ ಹೇಳಿಲ್ಲ." ಹಲಗೆಯ ಮೇಲೆ ಅದನ್ನು ಬರೆದ ಮೇಲೆ ಆ ಸಂಕಲನಕ್ಕೆ ಸರತಿ ಹತ್ತಿತು. ಕಾವ್ಯವನ್ನು ಮಂದಿಗೆ ತಲುಪಿಸುವುದು ಹೇಗೆಂದು ವಿಚಾರ ಸಂಕಿರಣ ನಡೆಸುವವರು ಬೇಕಾದರೆ ಇದನ್ನು ಬರೆದುಕೊಳ್ಳಲಿ.

ಆದರೆ ನನ್ನ ಲೈಬ್ರರಿಯ ಎಲ್ಲರಿಗಿಂತ ದೊಡ್ಡ ಓದುಗಿ ಗಂಗಮ್ಮ. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೆಂತ್ಯ, ಪುಂಡಿಪಲ್ಲೆ, ಕೊತ್ತಂಬರಿ ಮಾರುವವಳು. ಸದಸ್ಯತ್ವದ ಚೀಟಿಯ ಮೇಲೆ ಹೆಬ್ಬೆಟ್ಟು. ವಾರ ವಾರ ಬಂದು ಕಾದಂಬರಿ ಒಯ್ಯುತ್ತಿದ್ದಳು, ಸೊಪ್ಪಿನ ಕೆಳಗೆ ಇಟ್ಟುಕೊಂಡು. ವಾಪಸು ಬಂದ ಪುಸ್ತಕಗಳಿಗೆ ಮೆಂತ್ಯದ ವಾಸನೆ. ಬೇರೆಯವರಿಗಾಗಿ ಒಯ್ಯುತ್ತಾಳೆ ಅಂತ ನನಗೆ ಗೊತ್ತಿತ್ತು, ಯಾರಿಗೆ ಅಂತ ಕೇಳಿರಲಿಲ್ಲ. ಅವಳೂ ನಿಯಮ ತಪ್ಪಿಸುತ್ತಿರಲಿಲ್ಲ. ಬುಟ್ಟಿ ಇಳಿಸಿ, ನೆಲದ ಮೇಲೆ ಕುಳಿತು, ಅಭಿಪ್ರಾಯ ಶುರು ಮಾಡುತ್ತಿದ್ದಳು.

"ಓದಿದವ್ರು ಏನಂದ್ರಂದ್ರ, ಕಥಿ ಮುಗಸಾಕ ಬರಲಿಲ್ಲ ಅಂದ್ರ ಹೆಂಗಸಿಗೆ ಯಾಕ ಕೆಮ್ಮು ಬರಸ್ತಾರ, ಯಾಕ ಸಾಯಿಸ್ತಾರ? ತವರಿಗೆ ಕಳಿಸಬಹುದಿತ್ತಲ್ಲ."

"ಮತ್ತ ನೀನೇನಂತಿ?"

"ನನ್ನ ಕೇಳಿದ್ರ ಅತ್ತಿ ಸಾಯಬೇಕಿತ್ರಿ."

ಓದಿದವರು ಅವಳಿಗೆ ಕಥೆಯನ್ನೆಲ್ಲ ಹೇಳುತ್ತಿದ್ದರು. ಸೊಪ್ಪು ಸೋಸುತ್ತಾ ಅವರು ಹೇಳುವುದು, ಇವಳು ಹೂಂಗುಟ್ಟುವುದು. ಹೀಗೆ ಒಂದು ಪುಸ್ತಕಕ್ಕೆ ಎರಡು ವಿಮರ್ಶೆ ಬರುತ್ತಿದ್ದವು, ಕೆಲವು ಸಲ ಯಾವುದು ಯಾರದೆಂದು ಬಿಡಿಸುವುದೇ ಕಷ್ಟವಾಗುತ್ತಿತ್ತು. ಓದಿದವರ ಮಾತು ಮಾತ್ರ ನನಗೆ ಗುರುತು ಸಿಗುತ್ತಿತ್ತು. ಚಿಕ್ಕ ಮಾತು, ಚುರುಕು, ಸುಮ್ಮಸುಮ್ಮನೆ ಹೊಗಳುತ್ತಿರಲಿಲ್ಲ. ಒಂದು ಕಾದಂಬರಿಯ ನಾಯಕನ ಬಗ್ಗೆ, "ತ್ಯಾಗ ಮಾಡಿದ ಅಂತಾರ. ಹೆಂಡ್ತಿಗೆ ಕೇಳದ ಮಾಡಿದ್ದು ತ್ಯಾಗ ಹೆಂಗಾಗ್ತೈತಿ?" ಎಂದಿದ್ದರು. ಪೇಪರಿನಲ್ಲಿ ಉದ್ದುದ್ದ ವಿಮರ್ಶೆ ಬರೆಯುವವರಿಗಿಂತ ನನಗೆ ಈ ಕಾಣದ ಓದುಗರ ಮೇಲೆ ವಿಶ್ವಾಸ ಹೆಚ್ಚಿತ್ತು. ಹೊಸ ಪುಸ್ತಕದ ಕಟ್ಟು ಬಿಚ್ಚುವಾಗೆಲ್ಲ, ಇದಕ್ಕೆ ಮೆಂತ್ಯದ ಬುಟ್ಟಿಯಿಂದ ಏನು ಬರುತ್ತದೋ ಅಂತ ಯೋಚನೆ ಬರುತ್ತಿತ್ತು.

ಒಂದು ಸಲ ಜಿಲ್ಲೆಯಿಂದ ಸಾಹೇಬರು ತಪಾಸಣೆಗೆ ಬಂದರು. ಪುಸ್ತಕ ತೂಕ ಮಾಡಿ ನೋಡುವ ಜಾತಿಯ ಅಧಿಕಾರಿ, ಹಾಳೆ ತೆರೆದದ್ದನ್ನು ನಾನು ಕಂಡಿಲ್ಲ. ಗಂಗಮ್ಮನ ಚೀಟಿ ನೋಡಿ ಹುಬ್ಬೇರಿಸಿದರು.

"ಹೆಬ್ಬೆಟ್ಟಿನವರು ಕಾದಂಬರಿ ಓದ್ತಾರೇನ್ರೀ?"

ಅಷ್ಟರಲ್ಲಿ ಗಂಗಮ್ಮನೇ ಮೆಟ್ಟಿಲು ಹತ್ತಿ ಬಂದಳು. ಸಾಹೇಬರು ಅವಳನ್ನು ನಿಲ್ಲಿಸಿ, ಕಳೆದ ವಾರ ಒಯ್ದ ಪುಸ್ತಕದಲ್ಲಿ ಏನಿತ್ತು ಹೇಳು ಎಂದರು. ಅವಳು ಬುಟ್ಟಿ ಇಳಿಸಿದಳು. ನಾಯಕಿಯ ಬಾಲ್ಯದಿಂದ ಶುರುವಾಗಿ ಸೋದರಮಾವನ ಮೋಸ, ರೈಲಿನಲ್ಲಿ ಕಳೆದ ಉಂಗುರ ಎಲ್ಲ ದಾಟಿ ಕಥೆ ಮುಂದೆ ಹೋಯಿತು. ಸಾಹೇಬರು ಮೊದಲು ನಿಂತಿದ್ದವರು ಕುಳಿತರು. ಅವರ ಜೀಪಿನ ಡ್ರೈವರು ಮೇಲೆ ಬಂದು ಬಾಗಿಲಿಗೆ ಒರಗಿ ನಿಂತ. ಉಂಗುರ ಸಿಕ್ಕಿತೋ ಇಲ್ಲವೋ ಎನ್ನುವ ಜಾಗಕ್ಕೆ ಬಂದಾಗ ಗಂಗಮ್ಮ ಬುಟ್ಟಿ ಎತ್ತಿಕೊಂಡು, "ಸೊಪ್ಪು ಬಾಡಾಕತ್ತೈತ್ರಿ ಸಾಹೇಬ್ರ, ಉಳಿದದ್ದು ನೀವ ಓದ್ಕೋರಿ" ಅಂದು ಹೊರಟೇ ಹೋದಳು. ಸಾಹೇಬರು ಆ ಕಾದಂಬರಿಯನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು. ಅದು ಇವತ್ತಿಗೂ ವಾಪಸು ಬಂದಿಲ್ಲ.

ಆ ಸಂಜೆ ಗಂಗಮ್ಮ ಬೆದರಿದವಳಂತೆ ಮತ್ತೆ ಬಂದಳು. "ಸರಕಾರದವ್ರಿಗೆ ಗೊತ್ತಾದ್ರ ಅವರ ಮನಿತನಕ ಹೋಗ್ತೈತೇನ್ರಿ?" ಎಂದು ಕೇಳಿ, ಅದುವರೆಗೆ ಹೇಳದ ಹೆಸರು ಹೇಳಿದಳು. ಓದುವವರು ನೀಲಮ್ಮ, ನಮ್ಮ ಕಟ್ಟಡದ ಮಾಲೀಕರಾದ ಶರಣಪ್ಪನವರ ಹೆಂಡತಿ. ಕೋಟೆ ಕಡೆಯ ದೊಡ್ಡ ಮನೆ. ಅಲ್ಲಿ ಹಿಂದೊಮ್ಮೆ ನೀಲಮ್ಮ ವಾರಪತ್ರಿಕೆಯ ಧಾರಾವಾಹಿ ಓದುತ್ತಾ ಒಲೆಯ ಮೇಲಿನ ಬೇಳೆ ಸೀಯಿಸಿದ್ದರಂತೆ. ಅವತ್ತಿನಿಂದ ಮನೆಯೊಳಗೆ ಕಥೆ ಪುಸ್ತಕ ಬರಕೂಡದು ಅಂತ ಸಾವ್ಕಾರ್ರ ಅಪ್ಪಣೆ. ನಮ್ಮ ಲೈಬ್ರರಿಯ ವಾರ್ಷಿಕೋತ್ಸವದಲ್ಲಿ ಹೆಣ್ಣು ಓದಿದರೆ ಮನೆಗೆ ಬೆಳಕು ಎಂದು ಭಾಷಣ ಮಾಡುತ್ತಿದ್ದವರೂ ಅವರೇ. ಮನೆಯ ಬೇಳೆಗೂ ಊರಿನ ಭಾಷಣಕ್ಕೂ ಅವರು ಸಂಬಂಧ ಕಲ್ಪಿಸುತ್ತಿರಲಿಲ್ಲ.

ಇಷ್ಟರಲ್ಲಿ ಸಾವ್ಕಾರ್ರೇ ಕವಿಗಳಾದರು. ಹೃದಯಹಂಸಕೂಜನ ಎಂಬ ಹೆಸರಿನ ಸಂಕಲನ. ರಟ್ಟಿನ ಮೇಲೆ ಹಂಸ, ಒಳಗೆ ಅವರ ಫೋಟೋ, ಅದರ ಹಿಂದೆ ಅವರ ತಂದೆಯ ಫೋಟೋ, ಆಮೇಲೆ ನಾಲ್ಕು ಮಂದಿಯ ಆಶೀರ್ವಾದ, ಇವೆಲ್ಲ ದಾಟಿದರೆ ಕವನ. ಶಾಲು, ಹಾರ, ಮಂಡಕ್ಕಿ ಮಿರ್ಚಿ ಎಲ್ಲ ಸೇರಿ ಬಿಡುಗಡೆ ಜೋರಾಗಿ ನಡೆಯಿತು. ತಹಶೀಲ್ದಾರರಿಗೆ, ಮಠದವರಿಗೆ, ಸಕ್ಕರೆ ಕಾರ್ಖಾನೆಯ ಮ್ಯಾನೇಜರಿಗೆ, ಭತ್ತದ ದಲ್ಲಾಳಿಗಳಿಗೆ ಎಲ್ಲರಿಗೂ ಪ್ರತಿ ಹಂಚಿದರು. ನಮಗೊಂದು ಕೊಟ್ಟು, "ಮಂದಿ ಓದಿ ಏನಂತಾರ ಅಂತ ಬೋರ್ಡಿಗೆ ಹಾಕ್ರಿ ಅಕ್ಕೋರ" ಎಂದರು. ಮನೆಯಲ್ಲಿ ಹೆಂಡತಿಗೆ ಒಂದು ಪ್ರತಿ ಕೊಡಬೇಕು ಅಂತ ಅವರ ತಲೆಗೆ ಹೊಳೆದೇ ಇರಲಿಲ್ಲ.

ಆಮೇಲೆ ದಿನಾ ಬೆಳಗ್ಗೆ ಗಿರಣಿಗೆ ಬರುವಾಗ ಹಲಗೆಯ ಮುಂದೆ ಅವರ ಹೆಜ್ಜೆ ನಿಧಾನವಾಗುತ್ತಿತ್ತು. ಹಲಗೆಯ ಮೇಲೆ ಕೋಳಿ ಸಾಕಣೆಯ ಪುಸ್ತಕದ ಅಭಿಪ್ರಾಯ ಇರುತ್ತಿತ್ತು, ಮಧುಮೇಹದ ಪುಸ್ತಕದ್ದಿರುತ್ತಿತ್ತು. ಹಂಸದ್ದು ಇರುತ್ತಿರಲಿಲ್ಲ.

"ನಮ್ಮ ಪುಸ್ತಕ ಯಾರೂ ಒಯ್ದಿಲ್ಲೇನ್ರಿ?"

"ಭಾಳ ಮಂದಿ ಮುಟ್ಟಿ ನೋಡ್ಯಾರ್ರಿ ಸಾವ್ಕಾರ್ರ."

ಅದು ಸುಳ್ಳಲ್ಲ. ಪಕ್ಕದ ಪುಸ್ತಕ ತೆಗೆಯುವಾಗ ಅದನ್ನು ಮುಟ್ಟಲೇಬೇಕಿತ್ತು. ನಾನು ಮಾತ್ರ ಬಸ್ಸಿನಲ್ಲಿ ಓದಿದ್ದೆ. ಪುಟಕ್ಕೊಂದು ನವಿಲು, ಪುಟಕ್ಕೊಂದು ಬೆಳದಿಂಗಳು, ಅಡಿಗಡಿಗೆ ಓ ಎಂಬ ಕರೆ. ಕಮಲಾಪುರ ಬರುವ ಹೊತ್ತಿಗೆ ಕಣ್ಣು ಎಳೆದುಕೊಂಡು ಹೋಗಿತ್ತು, ಕೊನೆಯವರೆಗೆ ಓದಿದೆನೆಂದು ಹೇಳಿದರೆ ನನ್ನ ನಿಯಮಕ್ಕೆ ನಾನೇ ಮೋಸ ಮಾಡಿದ ಹಾಗೆ.

ಒಂದು ದಿನ ಗಂಗಮ್ಮ ಬಂದು, "ಹಂಸದ ಪುಸ್ತಕ ಕೊಡ್ರಿ" ಎಂದಳು. ನಾನು ಅವಳ ಮುಖ ನೋಡಿದೆ.

"ಅಮ್ಮಾರು ಕೇಳ್ಯಾರ. ಗಂಡ ಏನು ಬರದಾರ ಅಂತ ಊರಿಗೆಲ್ಲಾ ಗೊತ್ತು, ನನಗ ಗೊತ್ತಿಲ್ಲ ಅಂದ್ರು."

ಹೀಗೆ ಶರಣಪ್ಪನವರ ಕವನ ಸಂಕಲನ ಶರಣಪ್ಪನವರ ಮನೆಗೆ ಪುಂಡಿಪಲ್ಲೆಯ ಕೆಳಗೆ ಅಡಗಿಕೊಂಡು ಹೋಯಿತು. ಮುಂದಿನ ವಾರ ಗಂಗಮ್ಮ ಅಭಿಪ್ರಾಯದೊಂದಿಗೆ ಬಂದಳು, ಪುಸ್ತಕ ತಂದಿರಲಿಲ್ಲ. ಅಮ್ಮಾರು ಇನ್ನೂ ಇಟ್ಟುಕೊಂಡಿದ್ದಾರೆ, ಹೇಳಿದ್ದು ಮಾತ್ರ ಇಷ್ಟು ಎಂದಳು: "ನವಿಲು, ಹಂಸ, ಬೆಳದಿಂಗಳು ಭಾಳ ಆದವು. ಬರದವ್ರು ಹಂಸ ಎಲ್ಲಿ ನೋಡ್ಯಾರ? ತಾವು ಕಂಡದ್ದು ಬಿಟ್ಟು ಮಂದಿ ಕಂಡದ್ದು ಬರದಾರ."

ನಾನು ಸುಣ್ಣದ ಕಡ್ಡಿ ಹಿಡಿದು ಬಹಳ ಹೊತ್ತು ನಿಂತೆ. ಬರೆದರೆ ಮಾಳಿಗೆ ಹೋಗಬಹುದು. ಬರೆಯದಿದ್ದರೆ, ಇಷ್ಟು ವರ್ಷ ಯಾರ್ಯಾರದೋ ಪುಸ್ತಕಕ್ಕೆ ಚೇಷ್ಟೆ ಮಾಡಿ, ಮಾಲೀಕರ ಪುಸ್ತಕ ಬಂದಾಗ ಬಾಲ ಮಡಚಿದಳು ಅಂತ ನನಗೇ ನಾಚಿಕೆ. ಜೊತೆಗೆ ಮಾತು ಎಷ್ಟು ಸರಿಯಾಗಿತ್ತೆಂದರೆ ಕೈ ಸುಮ್ಮನಿರಲಿಲ್ಲ. ಬರೆದೆ.

ಸಂಜೆಯ ಹೊತ್ತಿಗೆ ಊರೆಲ್ಲ ಬಂದು ಓದಿ ಹೋಯಿತು. ಹಮಾಲರು ಒಬ್ಬರನ್ನೊಬ್ಬರು "ಹಂಸ ನೋಡಿದ್ಯೇನಲೇ?" ಎಂದು ಕೇಳಿಕೊಂಡು ಚೀಲ ಹೊರತೊಡಗಿದರು. ಶರಣಪ್ಪನವರು ಮೇಲೆ ಬಂದರು. ಬೈಯಲಿಲ್ಲ. ಮುಖ ಬಾಡಿತ್ತು, ಅದು ನನ್ನನ್ನು ಬೈಗುಳಕ್ಕಿಂತ ಹೆಚ್ಚು ಕಂಗೆಡಿಸಿತು.

"ಯಾರು ಅಂದದ್ದು?"

"ಹೆಸರು ಹೇಳಂಗಿಲ್ರಿ, ನಿಮಗ ಗೊತ್ತೈತಿ."

"ನನ್ನ ಕಟ್ಟಡದ ಗ್ವಾಡಿಗೆ ನನ್ನ ಮಾನ ತೂಗುಹಾಕೀರಿ. ನಾಳೆ ಮುಂಜಾನೆ ನಾನು ಬರೂದ್ರಾಗ ಹೆಸರು ಬೇಕು. ಇಲ್ಲಂದ್ರ ಬೀಗ."

ಆ ರಾತ್ರಿ ಊಟ ಸೇರಲಿಲ್ಲ. ಹೆಸರು ಹೇಳಿದರೆ ನೀಲಮ್ಮನವರ ಓದು ಅಲ್ಲಿಗೆ ಮುಗಿಯುತ್ತದೆ, ಮನೆಯಲ್ಲಿ ಇನ್ನೇನೇನು ಆಗುತ್ತದೋ ಯಾರಿಗೆ ಗೊತ್ತು. ಹೇಳದಿದ್ದರೆ ಊರಿನವರೆಲ್ಲರ ಓದು ಮುಗಿಯುತ್ತದೆ. ಅಭಿಪ್ರಾಯ ನನ್ನದೇ ಅಂತ ಹೇಳಿಬಿಡೋಣವೆಂದುಕೊಂಡೆ. ಆದರೆ ಅಷ್ಟು ಚೆನ್ನಾದ ಮಾತನ್ನು ನನ್ನದೆಂದರೆ ಯಾರೂ ನಂಬುವ ಹಾಗಿರಲಿಲ್ಲ.

ಬೆಳಗ್ಗೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಶರಣಪ್ಪನವರು ಮೇಲೆ ಕುಳಿತಿದ್ದರು. ಮೇಜಿನ ಮೇಲೆ ದೊಡ್ಡ ಬೀಗ. ಬಾಗಿಲಲ್ಲಿ ಇಬ್ಬರು ಹಮಾಲರು, ಒಬ್ಬೊಬ್ಬರ ಕೈಯಲ್ಲೂ ಖಾಲಿ ಗೋಣಿಚೀಲ.

"ಹೇಳ್ರಿ ಅಕ್ಕೋರ."

"ಹೇಳಂಗಿಲ್ರಿ ಸಾವ್ಕಾರ್ರ. ನಾಳೆ ನೀವು ಏನಾದ್ರೂ ಅಂದ್ರಿ ಅಂತಿಟ್ಕೋರಿ, ನಿಮ್ಮ ಹೆಸರೂ ನಾನು ಹೇಳಂಗಿಲ್ಲ."

"ಹಂಗಾದ್ರ ತುಂಬರಲೇ" ಎಂದರು ಹಮಾಲರಿಗೆ.

ಅವರಿಗೂ ಮನಸ್ಸಿರಲಿಲ್ಲ. ಮೊದಲ ಕಪಾಟಿನ ಪುಸ್ತಕಗಳನ್ನು ಅಕ್ಕಿಯ ಹಾಗೆ ಸುರುವಬೇಕೋ, ಒಂದೊಂದಾಗಿ ಇಡಬೇಕೋ ತಿಳಿಯದೆ ನಿಂತರು. ಆಗ ಮೆಟ್ಟಿಲಲ್ಲಿ ಬಳೆಯ ಸದ್ದು ಕೇಳಿತು. ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬರು ಮೇಲೆ ಬಂದರು. ಕೈಯಲ್ಲಿ ಹಂಸದ ರಟ್ಟಿನ ಪುಸ್ತಕ, ಯಾವ ಸೊಪ್ಪೂ ಮುಚ್ಚಿರಲಿಲ್ಲ. ಹಿಂದೆ ಏದುಸಿರು ಬಿಡುತ್ತಾ ಗಂಗಮ್ಮ.

ಶರಣಪ್ಪನವರು ಧಡಕ್ಕನೆ ಎದ್ದರು. "ಏನಾತು? ಅವ್ವಗ ಆರಾಮಿಲ್ಲೇನು?"

"ಅತ್ತಿ ಆರಾಮ ಅದಾರ" ಎಂದು ಅವರಿಗೆ ಹೇಳಿ, ನೀಲಮ್ಮ ನನ್ನ ಮೇಜಿಗೆ ಬಂದು ಪುಸ್ತಕ ಇಟ್ಟರು. "ಅಕ್ಕೋರ, ಪುಸ್ತಕ ಕೊಡಾಕ ಬಂದೆ. ರಾತ್ರಿ ಇವರು ಉಣ್ಣುವಾಗ ಬೋರ್ಡಿನ ಮಾತು ಹೇಳಿದ್ರು. ಕೇಳಿ ನನಗ ಸಿಟ್ಟು ಬಂತು. ನಾನು ಅಂದದ್ದನ್ನ ಅರ್ಧನ ಬರದೀರಿ."

ಲೈಬ್ರರಿ ಹೋದರೆ ಹೋಗಲಿ, ಈಕೆಗೆ ಏನಾಗುತ್ತದೋ ಅಂತ ನಿಜವಾಗಿ ಹೆದರಿದೆ. ಶರಣಪ್ಪನವರು ಹೆಂಡತಿಯನ್ನೂ ಪುಸ್ತಕವನ್ನೂ ಒಂದಾದ ಮೇಲೊಂದು ನೋಡಿದರು.

"ನೀನು... ನೀ ಅಂದದ್ದೇನು ಅದು?"

"ನಾನ. ಆದ್ರ ಅಷ್ಟ ಅಲ್ಲ." ನೀಲಮ್ಮ ಗಂಗಮ್ಮನ ಕಡೆ ತಿರುಗಿದರು. "ಉಳಿದದ್ದು ಹೇಳಲಿಲ್ಲೇನು?"

ಗಂಗಮ್ಮ ಬುಟ್ಟಿಯನ್ನು ಸರಿಪಡಿಸುವವಳಂತೆ ತಲೆ ತಗ್ಗಿಸಿದಳು. "ದಾರ್ಯಾಗ ಯಾರೋ ಕೊತ್ತಂಬರಿಗೆ ಚೌಕಾಶಿ ಮಾಡಿದ್ರು ಅಮ್ಮಾರ. ಅಷ್ಟರಾಗ ಹೊಗಳಿದ್ದು ಮರತುಹೋತು. ಬೈದದ್ದು ನೆನಪಿತ್ತು."

ಹಮಾಲರಲ್ಲಿ ಒಬ್ಬ ನಗು ತಡೆಯಲು ಗೋಣಿಚೀಲ ಬಾಯಿಗೆ ಒತ್ತಿಕೊಂಡ. ಶರಣಪ್ಪನವರಿಗೆ ಅದಾವುದೂ ಕಾಣಲಿಲ್ಲ. ಅವರ ಧ್ವನಿ ಸಣ್ಣದಾಗಿತ್ತು.

"ಹೊಗಳಿದ್ದು ಏನಿತ್ತು?"

"ಕಡೀ ಪುಟದ್ದು" ಎಂದರು ನೀಲಮ್ಮ. "ಕರೆಂಟ್ ಹೋಗಿ ಗಿರಣಿ ನಿಂತದ್ದು, ನಿಂತ ಮ್ಯಾಲೆ ಒಳಗ ಗುಬ್ಬಿ ಅಕ್ಕಿ ತಿನ್ನೂ ಸಪ್ಪಳ ಕೇಳಿದ್ದು. ಅಷ್ಟು ವರ್ಷದಿಂದ ಗುಬ್ಬಿ ಅಲ್ಲೇ ಇದ್ವು, ಗಿರಣಿ ಸಪ್ಪಳದಾಗ ನನಗ ಕೇಳಿರಲಿಲ್ಲ ಅಂತ ಬರದೀರಲ್ಲ, ಅದು. ಅದೊಂದ ನಿಮ್ಮದು."

"ಅದಾ?" ಅವರಿಗೆ ನಂಬಿಕೆಯಾಗಲಿಲ್ಲ. "ಅದು ಕಡೀ ಪುಟ ಖಾಲಿ ಉಳಿತು, ಏನರ ಕೊಡ್ರಿ ಅಂತ ಪ್ರೆಸ್ಸಿನವ್ರು ಅಂದ್ರು. ಅಲ್ಲೇ ಕುಂತು ಬರದು ಕೊಟ್ಟೆ. ಅದನ್ನ ಮಂದಿ ಮುಂದ ಓದಿಯೂ ಇಲ್ಲ."

"ಅದನ್ನ ಓದಿದ ಮ್ಯಾಲೆ ನನಗ ಒಂದ್ಸಲ ಗಿರಣಿ ಒಳಗ ಹೋಗಿ ನಿಲ್ಲಬೇಕು ಅನ್ನಿಸ್ತು. ಮದುವಿ ಆಗಿ ಬಂದಾಗಿಂದ ಅದರ ಅಕ್ಕಿ ಉಣ್ಣಾಕತ್ತೀನಿ, ಒಳಗ ಹೆಂಗೈತಿ ನೋಡಿಲ್ಲ."

ಶರಣಪ್ಪನವರು ಪುಸ್ತಕ ಕೈಗೆತ್ತಿಕೊಂಡು ಕಡೆಯ ಪುಟ ತೆರೆದರು. ಓದುತ್ತಿದ್ದರೋ ಸುಮ್ಮನೆ ನೋಡುತ್ತಿದ್ದರೋ ಗೊತ್ತಾಗಲಿಲ್ಲ. ತಹಶೀಲ್ದಾರರು ಸಂಕಲನವನ್ನು ಅದ್ಭುತ ಎಂದಿದ್ದರು, ಮ್ಯಾನೇಜರು ಅಮೋಘ ಎಂದಿದ್ದರು, ಯಾರೂ ಯಾವ ಪದ್ಯವೆಂದು ಹೇಳಿರಲಿಲ್ಲ.

"ಎಲ್ಲಾ ಓದಿಯೇನು?" ಎಂದು ಕೇಳಿದರು. "ಮೊದಲಿಂದ?"

"ಎಲ್ಲಾ. ಬ್ಯಾಸರಾದ್ರೂ ಬಿಡಲಿಲ್ಲ."

ನಾನು ಕರಿಹಲಗೆಗೆ ಉಳಿದರ್ಧ ಬರೆಯಲು ಸುಣ್ಣದ ಕಡ್ಡಿ ತೆಗೆದುಕೊಂಡು ಮೆಟ್ಟಿಲು ಇಳಿಯತೊಡಗಿದೆ. ಗಂಗಮ್ಮ ನನ್ನ ಹಿಂದೆಯೇ ಇಳಿದು ಸೆರಗು ಜಗ್ಗಿದಳು. "ಅಕ್ಕೋರ, ಇನ್ನ ಅಮ್ಮಾರು ತಾವ ಬಂದು ಒಯ್ತಾರಂದ್ರ ನನಗ ಕಥಿ ಯಾರು ಹೇಳ್ತಾರ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನೀನು ಬಾ, ನಾನು ಹೇಳುತ್ತೇನೆ ಎಂದೆ. "ನಿಮಗ ಹಂಗ ಹೇಳಾಕ ಬರಂಗಿಲ್ಲ ಬಿಡ್ರಿ" ಎಂದಳು. ಅದೂ ನಿಜವೇ.

ಬರೆದು ಮೇಲೆ ಬಂದೆ. ಹಮಾಲರು ಗೋಣಿಚೀಲ ಹೆಗಲಿಗೆ ಹಾಕಿಕೊಂಡು, "ಸಾವ್ಕಾರ್ರ, ಗಿರಣಿ ಚಾಲೂ ಮಾಡೂ ಹೊತ್ತಾತು, ಕೀಲಿ ಕೊಡ್ರಿ" ಎನ್ನುತ್ತಿದ್ದರು. ಶರಣಪ್ಪನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಓದುವ ಬೆಂಚಿನ ಮೇಲೆ ಹೆಂಡತಿಯ ಎದುರು ಕುಳಿತು, ಆಶೀರ್ವಾದಗಳನ್ನೆಲ್ಲ ಒಟ್ಟಿಗೆ ಮಗುಚಿ, ಮೊದಲ ಪದ್ಯದ ಪುಟ ತೆರೆದು ಅವರ ಕಡೆ ತಿರುಗಿಸಿ ಇಟ್ಟರು.

"ಇದ್ಯಾಕ ಚಲೋ ಇಲ್ಲ, ಹೇಳು" ಎಂದರು.

ನೀಲಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳತೊಡಗಿದರು. ಅವತ್ತು ಗಿರಣಿ ಶುರುವಾದದ್ದು ಮಧ್ಯಾಹ್ನದ ಮೇಲೆ.